ಕೊಂಡಿಯಿಲ್ಲದ ಪುಟ

ಬುಧವಾರ, ಮಾರ್ಚ್ ೧೨
ಮಧ್ಯಾಹ್ನದ ಬಿಡುವು, ಓದುವ ಕೋಣೆಯ ಮೂಲೆ ಮೇಜು

ನನ್ನ ಮುದ್ದಿನ ಲಿಫ್ಟಪ್ಪನಿಗೆ,

ಹೇಗಿದ್ದೀಯ? 'ಚೆನ್ನಾಗಿದ್ದೇನೆ' ಎಂದು ನೀನೇ ಒಮ್ಮೆ ಹೇಳಿಕೊಂಡು ಮುಂದೆ ಓದು. ಒಂದು ಭಾನುವಾರ ತಪ್ಪಿದರೂ ನನ್ನ ಹೆಸರು ಬದಲಾಯಿಸು ಎಂದು ಬಸ್ ನಿಲ್ದಾಣದಲ್ಲಿ ಜಂಬ ಕೊಚ್ಚಿದವಳು ನಾನೇ. ಇವತ್ತು ನೋಡಿದರೆ ಬುಧವಾರ. ಕ್ಷಮಿಸು, ಕ್ಷಮಿಸು, ಕ್ಷಮಿಸು! ಮೂರು ಸಲ ಶುರು ಮಾಡಿ ಮೂರು ಸಲ ಹರಿದೆ. ಇಂಗ್ಲಿಷ್ ಮೀಡಿಯಂ ಹುಡುಗಿ, ಒತ್ತಕ್ಷರಕ್ಕೆ ಹೆದರಿ ತಡಮಾಡಿದೆ ಎಂದು ನೆಪ ಹೇಳಬಹುದಿತ್ತು, ನೀನು ನಂಬುತ್ತಲೂ ಇದ್ದೆ. ಆದರೆ ಹರಿದದ್ದು ಅದಕ್ಕಲ್ಲ. ಕಾರಣ ಮುಂದೆ ಬರುತ್ತದೆ. ಅಲ್ಲಿಯವರೆಗೆ ನನ್ನ ಹರಟೆಯನ್ನು ಸಹಿಸಿಕೋ.

ನಿನ್ನ ಪತ್ರ ಮೂರೇ ದಿನಕ್ಕೆ ತಲುಪಿತು. ಒಂದೂಕಾಲು ಪುಟ! ಅದರಲ್ಲೂ ಕಾಲು ಪುಟ ಹೊಸ ಮಾದರಿ ಲಿಫ್ಟಿನ ಬ್ರೇಕಿನ ಚಿತ್ರ. ಹೊಸದಾಗಿ ಮದುವೆಯಾದ ಹೆಂಡತಿಗೆ ಬ್ರೇಕಿನ ಚಿತ್ರ ಬರೆದು ಕಳಿಸುವ ಗಂಡ ಲೋಕದಲ್ಲಿ ನೀನೊಬ್ಬನೇ ಇರಬೇಕು, ನಾನು ಅದನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೇನೆ. ತರಬೇತಿ ಕಷ್ಟ, ಕೋಣೆಯಲ್ಲಿ ಇನ್ನೂ ಆರು ಜನ, ಫೋನ್ ಮಾಡಿದರೆ ಹನ್ನೆರಡು ಕಿವಿ ಎಂದಿದ್ದೀಯ. ಇರಲಿ, ಪತ್ರವೇ ಚೆನ್ನ. ಮದುವೆಯಾಗಿ ಇವತ್ತಿಗೆ ಐವತ್ತೆರಡು ದಿನ. ನೀನು ಮನೆಯಲ್ಲಿದ್ದದ್ದು ಇಪ್ಪತ್ತೆರಡು ದಿನ, ಇಲ್ಲದ್ದು ಮೂವತ್ತು. ಇಲ್ಲದ ದಿನಗಳು ಇದ್ದ ದಿನಗಳನ್ನು ಹಿಂದೆ ಹಾಕಿದಾಗ ನನಗೆ ತುಂಬ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮನೆಯ ಸುದ್ದಿ ಹೇಳುತ್ತೇನೆ. ಅತ್ತೆಯ ಮಂಡಿನೋವು ಸ್ವಲ್ಪ ಇಳಿದಿದೆ. ಹೊಸ ಸೊಸೆಯನ್ನು ನೋಡಲು ಜನ ಇನ್ನೂ ಬರುತ್ತಲೇ ಇದ್ದಾರೆ. ಇಷ್ಟು ಹೊತ್ತಿಗೆ ನಾನು ಹಳೆಯ ಸೊಸೆಯಾಗಿರಬೇಕಿತ್ತು. ಮೊನ್ನೆ ನಿನ್ನ ದೊಡ್ಡಮ್ಮ ಬಂದು ಆಲ್ಬಮ್ಮಿನ ಪ್ರತಿ ಫೋಟೋಗೂ "ಇದ್ಯಾರು?" ಎಂದು ಕೇಳಿದರು, ನಿನ್ನದಕ್ಕೂ ಕೇಳಿದರು. "ನಿಮ್ಮ ತಂಗಿ ಮಗನೇ ದೊಡ್ಡಮ್ಮ" ಅಂದೆ. "ಹೌದಾ? ನಗ್ತಾ ಇದಾನಲ್ಲ, ಅದಕ್ಕೇ ಗುರುತು ಹತ್ತಲಿಲ್ಲ" ಅಂದರು! ಅತ್ತೆ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: "ನನ್ನ ಮಗ ಬಾಯಿ ಬಿಡಲ್ಲ, ಇವಳು ಬಾಯಿ ಮುಚ್ಚಲ್ಲ. ಸರಿಹೋಯ್ತು ನೋಡಿ." ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಾನು ನಗುತ್ತೇನೆ. ಅವರು ಹೋದಮೇಲೆ ಲೋಟ ತೊಳೆದಿಟ್ಟು ಅಡುಗೆಮನೆಯ ಮಣೆಯ ಮೇಲೆ ಕೂತರೆ ಏಳುವುದಕ್ಕೇ ಆಗುವುದಿಲ್ಲ. ಸಂತೋಷವಾಗಿರುವುದಕ್ಕೆ ಇಷ್ಟು ತ್ರಾಣ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ ಕಣೋ.

ಇನ್ನು ಕೆಲಸ. ಹೊರಡುವ ಗಡಿಬಿಡಿಯಲ್ಲಿ ನೀನು ಅರ್ಧ ಕೇಳಿಸಿಕೊಂಡಿದ್ದೆ, ಉಳಿದರ್ಧ ಈಗ ಕೇಳು. ನಮ್ಮ ಗ್ರಂಥಾಲಯ ಮರವಿಲ್ಲದ ಒಂದು ಕಪಾಟು ಮಾಡುತ್ತಿದೆ. ಕಂಪ್ಯೂಟರಿನಲ್ಲೇ ಹುಟ್ಟಿದ, ಓದುಗ ಕೈಹಾಕದಿದ್ದರೆ ಮುಂದೆ ಹೋಗದ ಕಥೆ ಕವಿತೆಗಳಿಗೆ ಜಾಗ ಅದು. ಬಂದದ್ದು ನಲವತ್ತಾರು, ಉಳಿಸಿಕೊಳ್ಳುವುದು ಹನ್ನೆರಡು. ಲೇಖಕರ ಹೆಸರಿಲ್ಲ, ಬರೀ ಸಂಖ್ಯೆ. ಚೀಟಿ ಎತ್ತಿ ಮೂವರು ಹಂಚಿಕೊಂಡೆವು: ನಾನು, ನಮ್ಮ ವಿಭಾಗದ ಮುಖ್ಯಸ್ಥೆ, ಮತ್ತೆ ಮುದ್ರಣಾಲಯದಿಂದ ನಿವೃತ್ತರಾಗಿ ಇಲ್ಲಿಗೆ ಬಂದಿರುವ ಕರಡು ತಿದ್ದುವ ಮೇಷ್ಟ್ರು. ಹಗಲೆಲ್ಲ ಓದಿ, ಒತ್ತಿ, ಎಳೆದು, ಅಂಕ ಹಾಕುವುದು ಕೆಲಸ. ನಿನಗೆ ನಗು ಬರುತ್ತದೆ, ಗೊತ್ತು. ಕಥೆ ಓದುವುದಕ್ಕೆ ಸಂಬಳವಾ ಎಂದು ನಿನ್ನ ತಮ್ಮನೂ ಕೇಳಿದ್ದ.

ಬಾ, ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡು! ಒಂದು ಕಥೆ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕಾಣುತ್ತದೆ, ಬೆರಳೆತ್ತಿದರೆ ಪರದೆ ಖಾಲಿ. ಮುಗಿಯುವಷ್ಟರಲ್ಲಿ ಬಳೆ ಹಾಕಿಕೊಳ್ಳಲಾಗದಷ್ಟು ಮಣಿಕಟ್ಟು ಊದಿತ್ತು. ಇನ್ನೊಂದು ನಮ್ಮ ಹೆಸರು ಕೇಳಿ, ಎರಡನೇ ಸಲ ತೆರೆದಾಗ ಹೆಸರು ಹಿಡಿದೇ ಬೈಯುತ್ತದೆ: "ಮತ್ತೆ ಬಂದೆಯಾ? ಹೋದ ಸಲ ಅರ್ಧಕ್ಕೇ ಎದ್ದು ಹೋದವಳು ನೀನೇ ಅಲ್ಲವಾ?" ಇನ್ನೊಂದರಲ್ಲಿ ಸತ್ತ ಹೆಂಗಸೊಬ್ಬಳ ಮೇಜಿನ ಖಾನೆ. ಕತ್ತರಿ, ಗುಂಡಿ, ಹಳೇ ಚೀಟಿ, ಒಂದೊಂದನ್ನೇ ಎಳೆದು ಹೊರಗಿಟ್ಟರೆ ಒಂದೊಂದು ಸಾಲು. ಎಲ್ಲ ಹೊರಗಿಟ್ಟ ಮೇಲೆ ಮತ್ತೆ ಒಳಗಿಡಲು ಬಿಡುವುದೇ ಇಲ್ಲ. ಅದಕ್ಕೆ ಕಣ್ಣು ಮುಚ್ಚಿ ಐವತ್ತಕ್ಕೆ ನಲವತ್ತೊಂದು ಕೊಟ್ಟೆ. ಪುಸ್ತಕದ ಹಾಳೆಯನ್ನೇ ತಂದು ಪರದೆಗೆ ಅಂಟಿಸಿ 'ಮುಂದೆ' ಎಂಬ ಗುಂಡಿ ಇಟ್ಟವರಿಗೆ ಹನ್ನೊಂದರ ಮೇಲೆ ಕೊಡಲಿಲ್ಲ. ಮುಖ್ಯಸ್ಥೆ ಮೊದಲ ದಿನವೇ ಹೇಳಿದ್ದರು: "ನೋಡಿ, ಒತ್ತಿದ್ದಕ್ಕೂ ಒತ್ತದೇ ಇದ್ದದ್ದಕ್ಕೂ ವ್ಯತ್ಯಾಸ ಇರಬೇಕು. ಇಲ್ಲದಿದ್ರೆ ಅದು ಕಥೆ ಅಲ್ಲ, ಟಿಕೆಟ್ ಮಷೀನು."

ಮೇಷ್ಟ್ರ ಗೋಳು ಬೇರೆ. ಅವರ ಪಾಲಿಗೆ ಅಕ್ಷರಗಳು ಮೇಲಿಂದ ಉದುರುವ ಒಂದು ಕವಿತೆ ಬಂತು. ಹಿಡಿದಷ್ಟು ಅಕ್ಷರ ಸೇರಿ ಪದ್ಯವಾಗುತ್ತದೆ. ಮೂವತ್ತೆರಡು ವರ್ಷ ತಪ್ಪು ಹುಡುಕಿದ ಮನುಷ್ಯ ಕೆಂಪು ಪೆನ್ನು ಹಿಡಿದುಕೊಂಡು ಪರದೆಯನ್ನೇ ದಿಟ್ಟಿಸುತ್ತಿದ್ದರು. "ಏನ್ಸಾರ್ ತೊಂದ್ರೆ?" ಅಂದೆ. "ಗುರುತು ಎಲ್ಲಿ ಹಾಕಲಮ್ಮ? ಒಂದು ನಿಮಿಷ ನಿಂತರೆ ತಾನೇ! ಓಡಿಹೋಗೋ ಕಳ್ಳನಿಗೆ ಕೋಳ ತೊಡಿಸು ಅಂದ ಹಾಗಿದೆ" ಅಂದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಆದರೆ ನಿಜ ಹೇಳಲಾ? ಐದು ವಾರದಲ್ಲಿ ನನಗೆ ಆಯ್ಕೆ ಎಂಬ ಪದವೇ ಬೇಡವಾಗಿದೆ. ನಿನ್ನೆ ತರಕಾರಿಯವನು "ಬದನೆಕಾಯಿ ಕೊಡಲಾ, ಬೀನ್ಸ್ ಕೊಡಲಾ?" ಅಂದ. ಬದನೆಕಾಯಿ ಒತ್ತಿದರೆ ಕಥೆ ಎಲ್ಲಿಗೆ ಹೋಗುತ್ತದೋ ಎಂದು ನಿಂತೇಬಿಟ್ಟೆ. "ಏನಕ್ಕಾ, ಕರೆಂಟ್ ಹೋಯ್ತಾ?" ಅಂದ. ಹೌದು, ಹೋಗಿತ್ತು.

ಈಗ ಕಾರಣಕ್ಕೆ ಬರುತ್ತೇನೆ. ಕೂತಿದ್ದೀಯಾ? ಕೂರು.

ಹೋದ ಗುರುವಾರ ನನ್ನ ಪಾಲಿನ ಮೂವತ್ತೊಂದನೇ ಸಂಖ್ಯೆಯ ಕಥೆ ತೆರೆದೆ. ಹೆಸರು 'ಎರಡು ಮಹಡಿಗಳ ನಡುವೆ'. ಪರದೆಯ ತುಂಬ ಲಿಫ್ಟಿನ ಗುಂಡಿಗಳು, ಒಂದರಿಂದ ಎಂಟು. ರಿಪೇರಿಯವನೊಬ್ಬ ಒಳಗಿದ್ದಾನೆ; ನಾವು ಒತ್ತಿದ ಮಹಡಿಯಲ್ಲಿ ಬಾಗಿಲು ತೆರೆಯುತ್ತದೆ, ಅಲ್ಲಿ ಒಂದು ಮನೆ, ಒಂದು ತಾಪತ್ರಯ. ಲಿಫ್ಟಿನ ಕಥೆ ಎಂದ ತಕ್ಷಣ ನಿನ್ನ ನೆನಪಾಗಿ ಒಬ್ಬಳೇ ನಕ್ಕೆ, ಅಷ್ಟೇ. ಎರಡನೇ ಮಹಡಿಯಲ್ಲಿ ಸಿಕ್ಕಿಕೊಂಡ ಮುದುಕಿಗೆ ಅವನು ಹೇಳುತ್ತಾನೆ: "ಲಿಫ್ಟು ಬೀಳಲ್ಲ ಅಜ್ಜಿ, ನಿಲ್ಲುತ್ತೆ ಅಷ್ಟೆ. ನಿಂತಿದ್ದಕ್ಕೆ ಬಿದ್ದೆ ಅನ್ಕೋಬೇಡಿ." ಅಯ್ಯೋ, ಇದನ್ನು ನೀನು ನನಗೇ ಹೇಳಿದ್ದೆ! ನನ್ನ ಚಿಕ್ಕಪ್ಪನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ನಿಂತು ನಾನು ನಿನ್ನ ತೋಳಿಗೆ ಉಗುರು ಊರಿದ ದಿನ! ಬೆನ್ನು ನೆಟ್ಟಗಾಯಿತು. ಐದನೇ ಮಹಡಿ ಒತ್ತಿದೆ.

ಐದನೇ ಮಹಡಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ, ಎರಡೂ ಮನೆಯವರು ಕೂತು ಮಾತಾಡುತ್ತಿದ್ದಾರೆ. ಹುಡುಗಿಯೊಬ್ಬಳು ಬಿಸ್ಕತ್ತಿನ ತಟ್ಟೆಯನ್ನು ಅತಿಥಿಗಳ ಮುಂದೆ ಹಿಡಿದು, ಮಾತಾಡುತ್ತಾ ಮಾತಾಡುತ್ತಾ ಎಲ್ಲವನ್ನೂ ತಾನೇ ತಿಂದು ಮುಗಿಸುತ್ತಾಳೆ. ನಾನು! ನಾನೇ! ಹನ್ನೊಂದು ಬಿಸ್ಕತ್ತು! ನೀನು ಎಣಿಸಿದ್ದೆ! ಅಲ್ಲಿ ಓದುಗನಿಗೆ ಎರಡು ಗುಂಡಿ: 'ಕೇಳುತ್ತಾ ನಿಲ್ಲು', 'ಕೆಳಗೆ ಇಳಿ'. ಕೇಳುತ್ತಾ ನಿಂತರೆ ಅವಳ ಮಾತು ಹದಿನಾಲ್ಕು ಪುಟ. ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಕಥೆ, ಅಜ್ಜನ ಕಿವಿಯ ಯಂತ್ರ ಬೆಕ್ಕು ಹೊತ್ತೊಯ್ದ ಕಥೆ, ಎಲ್ಲ ನನ್ನವೇ. ಒಂದಕ್ಷರ ಮರೆತಿಲ್ಲ ನೀನು. ನಾನು ಮಾತಾಡುವಾಗ ನೀನು ಕಿಟಕಿ ನೋಡುತ್ತಿರುತ್ತೀಯ, ರಿಪೋರ್ಟ್ ಟೈಪ್ ಮಾಡುತ್ತಿರುತ್ತೀಯ ಎಂದುಕೊಂಡಿದ್ದೆ. ನೀನು ಟೈಪ್ ಮಾಡುತ್ತಿದ್ದದ್ದು ಇದನ್ನೇ ಏನೋ! ಆಫೀಸಿನಲ್ಲೇ ಅತ್ತುಬಿಟ್ಟೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಅಳಿಸೋ ಕಥೆಗೆ ಎಷ್ಟಮ್ಮ ಅಂಕ?" ಅಂದರು. "ನಲವತ್ತಾರು ಸಾರ್" ಅಂದೆ. "ಮೂಗು ಒರೆಸ್ಕೊಂಡು ಇನ್ನೊಂದ್ಸಲ ಕೂಡಿಸಿ ನೋಡು" ಅಂದರು.

ಒಳ್ಳೆಯ ಕಥೆ ಕಣೋ. ನೀನು ನನ್ನ ಗಂಡ ಎಂದು ಹೇಳುತ್ತಿಲ್ಲ. ನನ್ನ ಪಾಲಿಗೆ ಬಂದವುಗಳಲ್ಲಿ, ಒತ್ತುವ ಬೆರಳಿಗೆ ಇಷ್ಟು ಜವಾಬ್ದಾರಿ ಕೊಟ್ಟದ್ದು ಇದೊಂದೇ. 'ಕೆಳಗೆ ಇಳಿ' ಒತ್ತಿದಾಗ ಬಾಗಿಲು ಮುಚ್ಚುವವರೆಗೂ ಅವಳು ಮಾತಾಡುತ್ತಲೇ ಇರುತ್ತಾಳೆ, ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ. ನಾನೇ ಒತ್ತಿದ್ದು, ನನ್ನದೇ ಮಾತು ತುಂಡಾಯಿತು. ಎಂಥ ನೋವು ಗೊತ್ತಾ?

ಬೇರೆ ಯಾವ ಓದುಗಿಯಾದರೂ ಅಲ್ಲಿಗೆ ನಿಲ್ಲಿಸಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದಳು. ನಮಗೆ ಹಾಗಿಲ್ಲ. ಹನ್ನೊಂದು ಅಂತ್ಯಗಳನ್ನೂ ಓದಬೇಕು, ಓದಿದೆ. ಅದಾದಮೇಲೆ ಕಡತದ ನಕ್ಷೆ ತೆರೆಯಬೇಕು. ಯಾವ ಪುಟದಿಂದ ಯಾವ ಪುಟಕ್ಕೆ ಕೊಂಡಿ ಇದೆ ಎಂದು ಗೆರೆ ಎಳೆದು ತೋರಿಸುವ ಚಿತ್ರ ಅದು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ನಿನಗೂ ಗೊತ್ತಿರಲಿಕ್ಕಿಲ್ಲ. ಗೆರೆ ತಲುಪದ ಪುಟಗಳೂ ಕೆಲವೊಮ್ಮೆ ಸಿಗುತ್ತವೆ: ಬರೆದದ್ದು ಇದೆ, ದಾರಿ ಇಲ್ಲ. ಓದುಗ ಸಾವಿರ ಸಲ ಒತ್ತಿದರೂ ಅಲ್ಲಿಗೆ ಹೋಗಲಾರ. ನಿನ್ನ ನಕ್ಷೆಯ ಮೂಲೆಯಲ್ಲಿ ಅಂಥದ್ದೊಂದು ಪುಟ ಒಂಟಿಯಾಗಿ ಕೂತಿತ್ತು. ತೆರೆದೆ. ಓದಿದೆ. ಹರಿದ ಮೂರು ಪತ್ರಗಳೂ ಅದರಿಂದ. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾರೆ. ಧೈರ್ಯ ಬಂದರೆ ಕೊನೆಗೆ ಬರೆಯುತ್ತೇನೆ.

ಅವತ್ತಿನಿಂದ ನನಗಿರುವುದು ಒಂದೇ ಯೋಚನೆ. ನಿನ್ನ ಕಥೆ ಆಯ್ಕೆಯಾಗುವುದು ಖಂಡಿತ, ಮುಖ್ಯಸ್ಥೆಯ ಕಣ್ಣಿಗೆ ಬಿದ್ದರೆ ಅವರು ಬಿಡುವುದಿಲ್ಲ. ಆಯ್ಕೆಯಾದ ಕೃತಿಯನ್ನು ನಾವು ನಕ್ಷೆಸಮೇತ ಇಡುತ್ತೇವೆ. ಓದುವ ಕೋಣೆಗೆ ಬಂದ ಯಾರು ಬೇಕಾದರೂ ನಕ್ಷೆ ತೆರೆಯಬಹುದು. ನಿನ್ನ ತಮ್ಮ ತೆರೆಯಬಹುದು, ಅತ್ತೆಯ ಕೈಹಿಡಿದು ಕರೆತಂದ ನಿನ್ನ ದೊಡ್ಡಮ್ಮ ತೆರೆಯಬಹುದು.

ಸೋಮವಾರ ಮೇಷ್ಟ್ರನ್ನು ಸುತ್ತುಬಳಸಿ ಕೇಳಿದೆ. "ಸಾರ್, ಬರೆದು ಹೊಡೆದುಹಾಕಿದ ಸಾಲು ಬರೆದವನ ಮಾತಾ, ಅಲ್ವಾ?"

"ಅಲ್ಲ ಬಿಡು. ಹೊಡೆದ ಅಂದ್ರೆ ವಾಪಸ್ ತಗೊಂಡ."

"ಹೊಡೆದಿಲ್ಲ, ಸೇರಿಸಿಯೂ ಇಲ್ಲ. ಸುಮ್ಮನೆ ಪಕ್ಕಕ್ಕೆ ಇಟ್ಟಿದಾನೆ. ಆಗ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. "ಅಂಥದ್ದು ಬಂದ್ರೆ ನಾವು ತೀರ್ಮಾನ ಮಾಡ್ತಿರಲಿಲ್ಲಮ್ಮ. ಅಂಚಿನಲ್ಲಿ ಪ್ರಶ್ನೆ ಗುರುತು ಹಾಕಿ ಬರೆದವನಿಗೇ ಕಳಿಸ್ತಿದ್ವಿ. ಎಷ್ಟೋ ಸಲ ಅವನಿಗೂ ಗೊತ್ತಿರ್ತಿರಲಿಲ್ಲ, ಅದು ಬೇರೆ ಮಾತು." ಆಮೇಲೆ ನನ್ನ ಮುಖ ನೋಡಿ, "ಊಟ ಮಾಡಿದ್ಯಾ?" ಎಂದು ಕೇಳಿ, ತಮ್ಮ ಡಬ್ಬಿಯ ಕಿತ್ತಳೆ ಹಣ್ಣನ್ನು ನನ್ನ ಕೀಲಿಮಣೆಯ ಮೇಲಿಟ್ಟು ಹೋದರು. ಇವತ್ತಿನವರೆಗೂ ಮತ್ತೇನೂ ಕೇಳಿಲ್ಲ.

ನಿನ್ನೆ ಮುಖ್ಯಸ್ಥೆಯ ಕೋಣೆಗೆ ಹೋಗಿ ಕಡತ ವಾಪಸ್ ಕೊಟ್ಟೆ. ಪರಿಚಯದವರ ಕೃತಿ ಸಿಕ್ಕರೆ ಮುಟ್ಟದೆ ಹಿಂತಿರುಗಿಸಬೇಕೆಂಬುದು ನಿಯಮ. ನಾನು ಮುಟ್ಟಿದ್ದೆ, ಅತ್ತಿದ್ದೆ, ಅಂಕವನ್ನೂ ಹಾಕಿದ್ದೆ. "ಇದು ನನ್ನ ಗಂಡ ಬರೆದದ್ದು ಮೇಡಂ" ಅಂದೆ.

"ಅವರು ಹೇಳಿದ್ರಾ?"

"ಇಲ್ಲ. ಬಿಸ್ಕತ್ತಿಂದ ಗೊತ್ತಾಯ್ತು."

ಅವರಿಗೆ ಅರ್ಥವಾಗಲಿಲ್ಲ, ಆದರೂ ಬೈಯಲಿಲ್ಲ. "ನೀವು ಹಾಕಿದ ಅಂಕ ಲೆಕ್ಕಕ್ಕಿಲ್ಲ. ನಾನೇ ಮೊದಲಿನಿಂದ ಓದ್ತೀನಿ. ಲೇಖಕರು ಏನಾದ್ರೂ ತಿದ್ದೋದಿದ್ರೆ ಮುಂದಿನ ಬುಧವಾರ ಸಂಜೆ ಐದರವರೆಗೆ ತಿದ್ದಬಹುದು, ಎಲ್ಲರಿಗೂ ಇರೋ ಅವಕಾಶವೇ. ಆಮೇಲೆ ಕಡತಕ್ಕೆ ಬೀಗ" ಅಂದರು. ಬಾಗಿಲ ತನಕ ಬಂದವಳನ್ನು ಮತ್ತೆ ಕರೆದು, "ನಿಮಗೆ ಸುಸ್ತಾಗಿದೆ. ಎರಡು ದಿನ ರಜೆ ಹಾಕಿ. ಹೊಸ ಮದುಮಗಳು, ಹೀಗಾ ಇರೋದು?" ಅಂದರು. ನಕ್ಕೆ. ಅಭ್ಯಾಸವಾಗಿಬಿಟ್ಟಿದೆ.

ಹಾಗಾಗಿ ಈಗ ಎಲ್ಲ ನಿನ್ನ ಕೈಯಲ್ಲಿದೆ. ಈ ಪತ್ರ ಶನಿವಾರ ನಿನಗೆ ಸಿಕ್ಕರೆ ನಾಲ್ಕು ದಿನ ಉಳಿಯುತ್ತದೆ. ಆ ಪುಟವನ್ನು ಅಳಿಸಬಹುದು. ಐದನೇ ಮಹಡಿಯಿಂದ ಅದಕ್ಕೊಂದು ಕೊಂಡಿ ಹಾಕಬಹುದು. ಹಾಗೇ ಬಿಡಲೂಬಹುದು. ಯಾವುದು ಮಾಡೆಂದು ನಾನು ಹೇಳುವುದಿಲ್ಲ. ಕಥೆಯ ದೃಷ್ಟಿಯಿಂದ ಕೇಳಿದರೆ ಮಾತ್ರ ಹೇಳುತ್ತೇನೆ, ಮೌಲ್ಯಮಾಪಕಿಯಾಗಿ, ಹೆಂಡತಿಯಾಗಿ ಅಲ್ಲ: ಆ ಪುಟ ಸೇರಿದರೆ ಕಥೆ ಇನ್ನೂ ದೊಡ್ಡದಾಗುತ್ತದೆ. ಇಷ್ಟು ಹೇಳುವುದಕ್ಕೆ ನನಗೆ ಆರು ದಿನ ಬೇಕಾಯಿತು.

ಮೂವರಲ್ಲಿ ಒಬ್ಬಳು ನಾನು. ನಿನ್ನ ಕಥೆ ನನ್ನ ಪಾಲಿಗೆ ಬರುವ ಸಾಧ್ಯತೆ ಮೂರರಲ್ಲಿ ಒಂದು. ನಾನೇ ಓದಲಿ ಎಂದು ಕಳಿಸಿದೆಯಾ, ನಾನು ಓದಲಾರೆ ಎಂದು ಕಳಿಸಿದೆಯಾ? ಬೈಯುತ್ತಿಲ್ಲ, ಮರಿ. ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಬಿಡುವು ಮುಗಿಯಿತು, ಮೇಷ್ಟ್ರು ಗಡಿಯಾರ ತೋರಿಸುತ್ತಿದ್ದಾರೆ. ಚೆನ್ನಾಗಿ ಊಟ ಮಾಡು, ಬೆನ್ನು ಬಗ್ಗಿಸಿ ಕೂರಬೇಡ, ಒದ್ದೆ ಸಾಕ್ಸ್ ಹಾಕಿಕೊಳ್ಳಬೇಡ. ತರಬೇತಿಯಲ್ಲಿ ನೀನೇ ಮೊದಲಿಗನಾಗಲಿ, ನೀನು ನೋಡಿಕೊಂಡ ಯಾವ ಲಿಫ್ಟೂ ಯಾರ ಎದೆಯನ್ನೂ ಝಲ್ಲೆನಿಸದಿರಲಿ. ನಿನ್ನ ಕೈಗೆ, ಕಣ್ಣಿಗೆ, ಆ ಹಟಮಾರಿ ನೆತ್ತಿಯ ಕೂದಲಿಗೆ ಒಳ್ಳೆಯದಾಗಲಿ. ಇದನ್ನೆಲ್ಲ ಮನಸಾರೆ ಬರೆಯುತ್ತಿದ್ದೇನೆ, ನಂಬು.

ಪತ್ರಿಕೆಯಲ್ಲ, ದಿನವೂ ಬರುವ ಪುರವಣಿ ಎಂದು ನೀನೇ ಹೆಸರಿಟ್ಟ

ನಿನ್ನ
ಪುರವಣಿ

ತಾ.ಕ.: ಧೈರ್ಯ ಬಂದಿಲ್ಲ, ಆದರೂ ಬರೆಯುತ್ತೇನೆ. ಪುಟ ಚಿಕ್ಕದು, ಬಾಯಿಪಾಠವಾಗಿದೆ: 'ಐದನೇ ಮಹಡಿ ಬೇಡ ಎಂದು ಅವನು ಹೇಳಿದ್ದ. ಅಮ್ಮನಿಗೆ ಎರಡು ಸಲ ಹೇಳಿದ. ಮೆಲ್ಲಗೆ ಹೇಳಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಈಗ ಅವಳು ಈ ಮನೆಯಲ್ಲಿದ್ದಾಳೆ. ಅವಳ ತಪ್ಪೇನೂ ಇಲ್ಲ. ಉಸಿರು ತೆಗೆದುಕೊಳ್ಳಲು ಅವಳು ಒಮ್ಮೆ ನಿಲ್ಲಿಸಿದರೆ ಹೇಳಿಬಿಡಬೇಕೆಂದು ಅವನು ಕಾಯುತ್ತಿದ್ದಾನೆ.' ಕೆಳಗೆ ಒತ್ತಲು ಯಾವ ಗುಂಡಿಯೂ ಇಲ್ಲ.

ಪ್ರತಿ ಪುಟಕ್ಕೂ ಅದನ್ನು ಬರೆದ ದಿನಾಂಕ ಕಡತದಲ್ಲಿ ಇರುತ್ತದೆ. ಮದುವೆಗೆ ಮುಂಚಿನದ್ದಿರಬಹುದು ಎಂಬ ಆಸೆಯಿಂದ ನೋಡಿದೆ. ಜನವರಿ ಮೂವತ್ತು. ಮದುವೆಯಾಗಿ ಹನ್ನೊಂದನೇ ದಿನ. ನನ್ನ ಮಾತಿನ ಆ ಹದಿನಾಲ್ಕು ಪುಟಗಳನ್ನು ಬರೆದದ್ದು ಅದಕ್ಕಿಂತ ಮುಂಚೆಯೋ, ಆಮೇಲೆಯೋ? ಒಂದು ಸಲ ಒತ್ತಿದ್ದರೆ ತಿಳಿಯುತ್ತಿತ್ತು. ಮೌಸಿನ ಬಾಣವನ್ನು ಅದರ ಮೇಲೆ ಒಯ್ದು ವಾಪಸ್ ತಂದೆ. ನೋಡಲಿಲ್ಲ. ಕಡತ ಈಗ ನನ್ನ ಬಳಿ ಇಲ್ಲ, ಒಳ್ಳೆಯದೇ ಆಯಿತು.

ಅತ್ತೆಯನ್ನು ಏನೂ ಕೇಳಿಲ್ಲ, ಕೇಳುವುದೂ ಇಲ್ಲ. ಭಾನುವಾರ ನಾಲ್ಕು ಗಂಟೆಗೆ ಅವರು ದೊಡ್ಡಮ್ಮನ ಮನೆಗೆ ಹೋಗುತ್ತಾರೆ. ಆ ಹನ್ನೆರಡು ಕಿವಿಗಳಿಂದ ದೂರ ಬಂದು, ರಸ್ತೆಯಲ್ಲಿ ನಿಂತಾದರೂ ಸರಿ, ಫೋನ್ ಮಾಡು. ನಾನು ಎತ್ತುತ್ತೇನೆ. ಹಲೋ ಕೂಡ ಅನ್ನುವುದಿಲ್ಲ. ನೀನು ಎಷ್ಟು ಹೊತ್ತು ಸುಮ್ಮನಿದ್ದರೂ ನಾನು ಬಾಯಿ ಹಾಕುವುದಿಲ್ಲ, ಫೋನನ್ನೂ ಇಡುವುದಿಲ್ಲ.